ಕಾಡು, ಶಾಲೆ ಮತ್ತು ಮೂರು ಪಟ್ಟಿಗಳು



ಒಕ್ಕೂಟ ವ್ಯವಸ್ಥೆಯ ಪಾಠವು ಸಾಮಾನ್ಯವಾಗಿ ಕರಿಹಲಗೆಯ ಮೇಲಿನ ಮೂರು ಅಂಕಣಗಳಲ್ಲಿ ಮುಗಿದುಹೋಗುತ್ತದೆ. ರಕ್ಷಣೆ, ರೈಲ್ವೆ, ನಾಣ್ಯ ಕೇಂದ್ರ ಪಟ್ಟಿಗೆ. ಪೊಲೀಸು, ಕೃಷಿ ರಾಜ್ಯ ಪಟ್ಟಿಗೆ. ಮತ್ತೆ ಕೆಲವು ಸಮವರ್ತಿ ಪಟ್ಟಿಗೆ. ಮಕ್ಕಳು ಬಾಯಿಪಾಠ ಮಾಡಿ ಅಂಕವನ್ನೂ ಗಳಿಸುತ್ತಾರೆ. ಆದರೆ ನೀಲಗಿರಿಯ ಮಕ್ಕಳಿಗೆ ಈ ವಿಷಯದಲ್ಲಿ ಗೂಡಲೂರಿನಿಂದ ಮೈಸೂರಿಗೆ ಹೋಗುವ ರಸ್ತೆಗಿಂತ ಒಳ್ಳೆಯ ಪಠ್ಯ ದೊರೆಯಲಾರದು. ತೆಪ್ಪಕಾಡಿನ ಮೂಲಕ ಮುದುಮಲೆಯನ್ನು ದಾಟಿ ಬಂಡೀಪುರವನ್ನು ಹೊಗುವ ಅದು ರಾಷ್ಟ್ರೀಯ ಹೆದ್ದಾರಿ, ಎಂದರೆ ಕೇಂದ್ರ ಪಟ್ಟಿಯ ವಿಷಯ. ಆದರೂ ಬಂಡೀಪುರದ ಭಾಗದಲ್ಲಿ ರಾತ್ರಿ 9ರಿಂದ ಬೆಳಗಿನ 6ರವರೆಗೆ ವಾಹನ ಸಂಚಾರವನ್ನು ನಿಷೇಧಿಸಿ 2009ರಲ್ಲಿ ಆದೇಶ ಹೊರಡಿಸಿದವರು ಚಾಮರಾಜನಗರದ ಜಿಲ್ಲಾಧಿಕಾರಿ. ಆ ಅಧಿಕಾರದ ಮೂಲ ಸಂಸತ್ತಿನ ಮೋಟಾರು ವಾಹನ ಕಾಯಿದೆ. ಅದು ಜಿಲ್ಲೆಗೆ ಇಳಿದುಬಂದದ್ದು ಕರ್ನಾಟಕದ ನಿಯಮಗಳ ಮೂಲಕ. ಕರ್ನಾಟಕ ಉಚ್ಚ ನ್ಯಾಯಾಲಯವೂ 2010ರಲ್ಲಿ ನಿಷೇಧವನ್ನು ಎತ್ತಿಹಿಡಿಯಿತು. ಇಷ್ಟೂ ಅಧಿಕಾರಗಳು ಒಂದೇ ರಸ್ತೆಯಲ್ಲಿ ಕೂಡುತ್ತವೆ.

ಪಟ್ಟಿಗಳ ನಡುವಿನ ಗೆರೆಯೂ ಅಚಲವಲ್ಲ. ಮಸಿನಗುಡಿಯ ಮಗುವಿನ ಸುತ್ತಲಿನ ಕಾಡು, ಅದು ಕಲಿಯುವ ಶಾಲೆ ಇವೆರಡೂ ಸಂವಿಧಾನ ಜಾರಿಗೆ ಬಂದಾಗ ಮುಖ್ಯವಾಗಿ ರಾಜ್ಯ ಪಟ್ಟಿಯಲ್ಲಿದ್ದವು. ತುರ್ತುಪರಿಸ್ಥಿತಿಯ ಕಾಲದಲ್ಲಿ, 1976ರ 42ನೆಯ ತಿದ್ದುಪಡಿಯು ಅರಣ್ಯ, ವನ್ಯಪ್ರಾಣಿ ರಕ್ಷಣೆ, ಶಿಕ್ಷಣ ಈ ಮೂರನ್ನೂ ಒಟ್ಟಿಗೆ ಸಮವರ್ತಿ ಪಟ್ಟಿಗೆ ಸಾಗಿಸಿತು. ಪಠ್ಯಪುಸ್ತಕಗಳು ಒಂದು ಸಾಲಿನಲ್ಲಿ ಹೇಳಿ ಮುಗಿಸುವ ಈ ಬದಲಾವಣೆ ತರಗತಿಯಲ್ಲಿ ಒಂದು ಪೂರ್ಣ ಅವಧಿಗೆ ಅರ್ಹವಾದುದು.

ಸಮವರ್ತಿ ಎಂದೊಡನೆ ರಾಜ್ಯದ ಅಧಿಕಾರ ಅಳಿದುಹೋಗದು. ಸಿಗೂರು ಪ್ರಸ್ಥಭೂಮಿಯ ಆನೆದಾರಿಯನ್ನು ಗುರುತಿಸಿ 2010ರಲ್ಲಿ ತಮಿಳುನಾಡು ಸರ್ಕಾರ ಅಧಿಸೂಚನೆ ಹೊರಡಿಸಿತು. ವಸತಿಗೃಹಗಳ ಮಾಲೀಕರೂ ಇತರರೂ ಅದನ್ನು ಪ್ರಶ್ನಿಸಿದರು. 2020ರ ಅಕ್ಟೋಬರ್ 14ರಂದು ಸರ್ವೋಚ್ಚ ನ್ಯಾಯಾಲಯವು ತನ್ನ ಗಡಿಯೊಳಗಿನ ಅರಣ್ಯ ಹಾಗೂ ವನ್ಯಜೀವಿಗಳ ರಕ್ಷಣೆಗೆ ಕ್ರಮ ಕೈಗೊಳ್ಳುವ ಅಧಿಕಾರ ರಾಜ್ಯಕ್ಕುಂಟೆಂದು ತೀರ್ಪಿತ್ತಿತು. ಭೂಮಾಲೀಕರ ಅಹವಾಲು ಕೇಳಲು ನಿವೃತ್ತ ನ್ಯಾಯಮೂರ್ತಿಯೊಬ್ಬರ ನೇತೃತ್ವದ ಸಮಿತಿಯನ್ನೂ ವಿಧಿಸಿತು. ಆನೆಗೆ ದಾರಿ ಬೇಕು. ಅಲ್ಲಿಯೇ ದುಡಿದು ಬದುಕುವವರಿಗೆ ಅನ್ನವೂ ಬೇಕು. ಆ ಮನೆಗಳ ಮಕ್ಕಳು ತರಗತಿಯಲ್ಲಿ ಕುಳಿತಿರಬಹುದೆಂಬ ಎಚ್ಚರ ಬೋಧಿಸುವವರಿಗಿರಲಿ.

ಇನ್ನು ಶಾಲೆಯ ಮಾತು. 2006ರ ತಮಿಳು ಕಲಿಕೆ ಕಾಯಿದೆಯಿಂದ ತಮಿಳುನಾಡಿನ ಶಾಲೆಗಳಲ್ಲಿ ಒಂದನೆಯ ತರಗತಿಯಿಂದ ಹಂತಹಂತವಾಗಿ ತಮಿಳು ಕಡ್ಡಾಯವಾಯಿತು. ರಾಜ್ಯದ ಭಾಷೆಯನ್ನು ಅಲ್ಲಿನ ಮಗು ಕಲಿಯುವುದು ಉಚಿತವೇ. ಅದಕ್ಕಾಗಿ ಮನೆಮಾತು ಹಿಂದೆ ಸರಿಯಬೇಕಾಗಿಲ್ಲ. 1956ರ 7ನೆಯ ತಿದ್ದುಪಡಿಯಿಂದ ಬಂದ 350ಎ ವಿಧಿಯನ್ನು ಇಲ್ಲಿ ಓದಿಸಬೇಕು. ಭಾಷಾ ಅಲ್ಪಸಂಖ್ಯಾತ ಮಕ್ಕಳಿಗೆ ಪ್ರಾಥಮಿಕ ಹಂತದಲ್ಲಿ ಮಾತೃಭಾಷೆಯ ಮೂಲಕ ಕಲಿಸುವ ಸೌಕರ್ಯ ಒದಗಿಸಲು ಪ್ರತಿಯೊಂದು ರಾಜ್ಯವೂ ಸ್ಥಳೀಯ ಪ್ರಾಧಿಕಾರವೂ ಪ್ರಯತ್ನಿಸತಕ್ಕದ್ದು. ರಾಷ್ಟ್ರಪತಿಗಳು ರಾಜ್ಯಕ್ಕೆ ನಿರ್ದೇಶನ ನೀಡಬಹುದು. ಕೇಂದ್ರ, ರಾಜ್ಯ, ಸ್ಥಳೀಯ ಸಂಸ್ಥೆ ಮೂರೂ ಒಂದೇ ವಿಧಿಯೊಳಗಿವೆ. ‘ಪ್ರಯತ್ನ’ ಎಂಬ ಪದ ಮೃದುವಾದುದು ನಿಜ. ಆದುದರಿಂದಲೇ ಕೇಳುವವರು ಬೇಕಾಗುತ್ತಾರೆ.

ತರಗತಿಗೆ ಒಂದು ಅಭ್ಯಾಸ: ಸರ್ಕಾರಿ ಶಾಲೆಯೊಂದರಲ್ಲಿ ಕನ್ನಡ ಶಿಕ್ಷಕರ ಹುದ್ದೆ ಖಾಲಿಯಿದೆಯೆಂದು ಭಾವಿಸಿ, ಮಕ್ಕಳಿಂದ ಮನವಿಪತ್ರ ಬರೆಯಿಸಿರಿ. ವಿಳಾಸ ಯಾರದು? ನೇಮಕಾತಿ ರಾಜ್ಯ ಸರ್ಕಾರದ ಹೊಣೆ. ಮೊದಲ ಪ್ರತಿ ಅಲ್ಲಿನ ಶಿಕ್ಷಣ ಇಲಾಖೆಗೆ. ಎರಡನೆಯದು 350ಬಿ ವಿಧಿಯನ್ವಯ ರಾಷ್ಟ್ರಪತಿಗಳಿಗೆ ವರದಿ ಸಲ್ಲಿಸುವ ಭಾಷಾ ಅಲ್ಪಸಂಖ್ಯಾತರ ಆಯುಕ್ತರಿಗೆ. ಮೂರನೆಯ ಪ್ರತಿ ಪಂಚಾಯಿತಿಗೆ ಹೋಗಬೇಕೇ ಎಂಬುದನ್ನು ಮಕ್ಕಳೇ ಚರ್ಚಿಸಿ ನಿರ್ಧರಿಸಲಿ.