ನಿಮಗೆ ಯಾವ ಇಂಗ್ಲಿಷ್ ಬೇಕು?

ಇಲ್ಲೇ ಹುಟ್ಟಿ ಬೆಳೆದು ಈಗ ಹೈಸ್ಕೂಲು, ಕಾಲೇಜಿನಲ್ಲಿರುವ ನಿಮಗೆಲ್ಲ ಈ ಮಾತು. ನಾನು ಗೃಹಿಣಿ, ಕನ್ನಡ ಎಂ.ಎ. ಓದಿದವಳು. ಇಲ್ಲಿ ಅಮೆರಿಕದಲ್ಲಿ, ನಾವಿರುವ ಊರಿನ ಲೈಬ್ರರಿಯಲ್ಲಿ ವಾರಕ್ಕೊಮ್ಮೆ ದೊಡ್ಡವರಿಗೆ ಇಂಗ್ಲಿಷ್ ಹೇಳಿಕೊಡುತ್ತೇನೆ. ಕನ್ನಡ ಓದಿದವಳು ಇಂಗ್ಲಿಷ್ ಕಲಿಸುವುದೇ ಎಂದು ನಗಬೇಡಿ. ಮೊದಮೊದಲು ನನಗೂ ನಗು ಬಂದಿತ್ತು.

ಒಂದು ಮೇಜು, ಎರಡು ಕುರ್ಚಿ, ಒಂದೂವರೆ ಗಂಟೆ. ಒಬ್ಬರಿಗೆ ಒಬ್ಬರು. ನಿಮ್ಮಲ್ಲೂ ಕೆಲವರು ವಾಲಂಟಿಯರ್ ಆಗಿ ಇಂಥ ಪಾಠಕ್ಕೆ ಹೋಗುತ್ತಿರಬಹುದು. ಇದರಲ್ಲಿ ಕಷ್ಟದ್ದು ಗ್ರಾಮರ್ ಅಲ್ಲ. ಕಲಿಯುವವರಿಗೆ ಮುಂದಿನ ವಾರವೂ ಬರಬೇಕು ಅನ್ನಿಸುವಂತೆ ಮಾಡುವುದೇ ಕಷ್ಟ.

ನನ್ನ ಮೊದಲ ವಿದ್ಯಾರ್ಥಿನಿ ವಿಯೆಟ್ನಾಮಿನಿಂದ ಬಂದವರು, ನನಗಿಂತ ಹತ್ತು ವರ್ಷ ದೊಡ್ಡವರು. ಅವರು ‘ಯೆಸ್ಟರ್ಡೇ ಐ ಗೋ’ ಅಂದರೆ ನಾನು ತಕ್ಷಣ ‘ವೆಂಟ್’ ಅನ್ನುತ್ತಿದ್ದೆ. ಪ್ರತಿ ವಾಕ್ಯಕ್ಕೂ ತಿದ್ದುತ್ತಿದ್ದೆ. ಅದೇ ಒಳ್ಳೆಯ ಪಾಠ ಅಂದುಕೊಂಡಿದ್ದೆ. ಎರಡು ತಿಂಗಳಾದ ಮೇಲೆ ಅವರು ಬರುವುದನ್ನೇ ಬಿಟ್ಟರು. ಆಸಕ್ತಿ ಇಲ್ಲ ಅಂತ ನಾನೂ ಸುಮ್ಮನಾದೆ. ನಾಲ್ಕನೇ ವಾರ ಬಂದು, ಪುಸ್ತಕ ವಾಪಸು ಕೊಟ್ಟು, “ನನ್ನ ತಲೆಗೆ ಹತ್ತುವುದಿಲ್ಲ ಟೀಚರ್, ನಿಮ್ಮ ಸಮಯ ಹಾಳು” ಅಂದರು. ಒಂದು ವಾರ ಸಮಯ ಕೊಡಿ ಎಂದು ಕೇಳಿಕೊಂಡೆ.

ಅಂದು ರಾತ್ರಿ ವಿಯೆಟ್ನಾಮೀಸ್ ಭಾಷೆಯ ಬಗ್ಗೆ ಓದಿದೆ. ಆ ಭಾಷೆಯಲ್ಲಿ ಕಾಲಕ್ಕೆ ತಕ್ಕಂತೆ ಕ್ರಿಯಾಪದದ ರೂಪ ಬದಲಾಗುವುದಿಲ್ಲ. ನಮ್ಮಲ್ಲಿ ‘ಹೋಗುತ್ತಾಳೆ’, ‘ಹೋದಳು’, ‘ಹೋದವು’ ಅಂತೆಲ್ಲ ಇರುವ ಹಾಗೆ ಅಲ್ಲಿಲ್ಲ. ಅವರ ತಪ್ಪು ದಡ್ಡತನವಲ್ಲ, ಅವರ ತಾಯಿನುಡಿಯ ರೂಢಿ. ಭಾಷೆಯನ್ನೇ ಓದಿದ ನನಗೆ ಇದು ಹೊಳೆದಿರಲಿಲ್ಲ.

ಮುಂದಿನ ವಾರ ಪುಸ್ತಕ ಮುಚ್ಚಿಟ್ಟು ಕೇಳಿದೆ: “ನಿಮಗೆ ಇಂಗ್ಲಿಷಿನಲ್ಲಿ ಯಾವ ಕೆಲಸ ಆಗಬೇಕು?” ಗಂಡನ ಬಿಪಿ ಮಾತ್ರೆ ಮುಗಿದಾಗ ಫಾರ್ಮಸಿಗೆ ತಾವೇ ಫೋನ್ ಮಾಡಬೇಕಂತೆ. ಪ್ರತಿ ಸಲ ಮಗ ಬಿಡುವಾಗುವ ತನಕ ಕಾಯಬೇಕು, ಅವನು ರೇಗುತ್ತಾನೆ ಅಂದರು.

ಅದನ್ನೇ ಪಾಠ ಮಾಡಿಕೊಂಡೆವು. ಫೋನಿನಲ್ಲಿ ಮುಖ ಕಾಣುವುದಿಲ್ಲವಲ್ಲ, ಅದಕ್ಕೇ ಬೆನ್ನಿಗೆ ಬೆನ್ನು ಕೊಟ್ಟು ಕುಳಿತು ಅಭ್ಯಾಸ ಮಾಡಿದೆವು. ಹೆಸರಿನ ಸ್ಪೆಲಿಂಗ್, ಹುಟ್ಟಿದ ದಿನ, ‘ದಯವಿಟ್ಟು ಇನ್ನೊಮ್ಮೆ ನಿಧಾನವಾಗಿ ಹೇಳಿ’ ಎನ್ನುವ ಮಾತು, ಇಷ್ಟೇ. ಮೂರನೇ ವಾರ ಲೈಬ್ರರಿಯ ಹೊರಗೆ ನಿಂತು ನಿಜವಾಗಿಯೂ ಫೋನ್ ಮಾಡಿದರು. ನಾಳೆ ನಾಲ್ಕು ಗಂಟೆಗೆ ಸಿಗುತ್ತದೆ ಎಂದು ಆ ಕಡೆಯವರು ಹೇಳಿದ್ದನ್ನು ಅಂಗೈ ಮೇಲೆ ಬರೆದುಕೊಂಡು ಬಂದು ತೋರಿಸಿದರು. ಆಮೇಲೆ ಹಿಮ ಬಿದ್ದ ದಿನ ಬಿಟ್ಟರೆ ಅವರು ಪಾಠ ತಪ್ಪಿಸಲಿಲ್ಲ.

ಅವರಿಂದ ನಾನು ಕಲಿತದ್ದನ್ನು ಹೇಳುತ್ತೇನೆ. ಈ ತಿಂಗಳು ಯಾರ ಸಹಾಯವೂ ಇಲ್ಲದೆ ಏನು ಮಾಡಬೇಕು ಅಂತಿದ್ದೀರಿ ಎಂದು ಮೊದಲು ಕೇಳಿ. ಮಗುವಿನ ಟೀಚರ್ ಜೊತೆ ಮಾತಾಡುವುದೋ, ಪೌರತ್ವದ ಸಂದರ್ಶನವೋ, ಅವರೇ ಹೇಳಲಿ. ಪ್ರಶ್ನೆ ಕೇಳಿದ ಮೇಲೆ ಮನಸ್ಸಿನಲ್ಲೇ ಹತ್ತು ಎಣಿಸಿ. ಅವರು ಸುಮ್ಮನಿದ್ದಾರೆ ಅಂದರೆ ಮಾತು ಹುಡುಕುತ್ತಿದ್ದಾರೆ ಅಂತ. ಒಂದು ಪಾಠಕ್ಕೆ ಒಂದೇ ಬಗೆಯ ತಪ್ಪು ತಿದ್ದಿ, ಅರ್ಥವಾದರೆ ಉಳಿದದ್ದನ್ನು ಬಿಡಿ. ಕೊನೆಯ ಐದು ನಿಮಿಷ, ಇವತ್ತು ಏನು ಮಾಡಲು ಬಂತು ಎಂದು ತಾರೀಖು ಹಾಕಿ ಅವರ ಕೈಯಿಂದಲೇ ಬರೆಸಿ. ಮನಸ್ಸು ಕುಗ್ಗಿದ ದಿನ ಆ ಪುಟಗಳನ್ನು ತಿರುವಿಸಿ. ಅವರು ಬಾರದಿದ್ದರೆ ‘ಯಾಕೆ ಬರಲಿಲ್ಲ’ ಅನ್ನಬೇಡಿ. ಎರಡು ಶಿಫ್ಟ್ ದುಡಿಯುವವರಿಗೆ ನಿದ್ದೆಯೂ ಬೇಕಲ್ಲವೇ? ‘ಮುಂದಿನ ವಾರ ಕಾಯುತ್ತಿರುತ್ತೇನೆ’ ಅಂತ ಒಂದು ಮೆಸೇಜ್ ಹಾಕಿ.

ಇದೆಲ್ಲ ನಿಮಗೆ ಹೊಸದೇನಲ್ಲ. ರಜೆಯಲ್ಲಿ ಊರಿಗೆ ಹೋದಾಗ ‘ಅಜ್ಜಿ ಬಂದ’ ಅಂದುಬಿಟ್ಟು, ಮನೆಯವರೆಲ್ಲ ನಕ್ಕು, ನೀವು ಅಲ್ಲಿಂದ ಮುಂದೆ ಇಂಗ್ಲಿಷಿನಲ್ಲೇ ಮಾತಾಡಿದ ನೆನಪಿದೆಯೇ? ನಕ್ಕವರಿಗೆ ಕೆಟ್ಟ ಮನಸ್ಸೇನೂ ಇರಲಿಲ್ಲ. ಆದರೂ ಅಂದು ನಿಮಗೆ ಬಾಯಿ ಕಟ್ಟಿತು. ನೀವು ತಡವರಿಸಿದರೂ ಮಾತು ಮುಗಿಯುವ ತನಕ ಕಾದು, “ಇನ್ನೊಂದು ದೋಸೆ ಹಾಕಲಾ ಪುಟ್ಟಾ?” ಅಂದ ಒಬ್ಬರು ಅಜ್ಜಿಯೋ ಅತ್ತೆಯೋ ಇದ್ದಿರಬೇಕು. ಲೈಬ್ರರಿಯ ಆ ಮೇಜಿನಲ್ಲಿ ಕೂತಾಗ ನೀವು ಅವರ ಹಾಗೆ ಇರಿ.