ನಗರದ ನಕ್ಷೆಯೂ ನಮ್ಮ ಹೊಣೆಯೂ

(ಚಾಮರಾಜಪೇಟೆಯಲ್ಲಿ ಜರಗಿದ ವಿಚಾರಗೋಷ್ಠಿಯೊಂದರಲ್ಲಿ ಮಾಡಿದ ಭಾಷಣ)





ನಾವು ಸೇರಿರುವ ಈ ಸ್ಥಳದಿಂದ ಸ್ವಲ್ಪ ದೂರ ನಡೆದರೆ ಎರಡು ಊರುಗಳು ಕಾಣುತ್ತವೆ. ಒಂದರಲ್ಲಿ ಬೀದಿಗಳು ನೇರವಾಗಿವೆ, ಅಡ್ಡರಸ್ತೆಗಳಿಗೆ ಕ್ರಮಸಂಖ್ಯೆಗಳಿವೆ, ಮರದ ನೆರಳಿದೆ. ಮತ್ತೊಂದು ಗೋರಿಪಾಳ್ಯ, ಪಾದರಾಯನಪುರಗಳ ಕಡೆಯದು. ಅಲ್ಲಿನ ಕೆಲವು ಗಲ್ಲಿಗಳಲ್ಲಿ ಜನಾಝಾ ಹೊತ್ತು ಸಾಗುವುದೂ ಪ್ರಯಾಸ. ಇದನ್ನು ಕಂಡ ಹೊರಗಿನವರು 'ಅವರು ಇರುವುದೇ ಹಾಗೆ' ಎನ್ನುತ್ತಾರೆ. ವಿಷಾದದ ಸಂಗತಿಯೆಂದರೆ, ನಮ್ಮಲ್ಲೂ ಅನೇಕರು ಇದನ್ನು ವಿಧಿಲಿಖಿತವೆಂದು ಭಾವಿಸಿ ಸುಮ್ಮನಾಗಿದ್ದಾರೆ. ಬೀದಿಯ ಅಗಲವನ್ನು ನಿರ್ಧರಿಸುವುದು ವಿಧಿಯೇ, ಅಧಿಕಾರವೇ? ಇಂದಿನ ಮಾತು ಈ ಪ್ರಶ್ನೆಯ ಸುತ್ತ.

1537ರಲ್ಲಿ ಕೆಂಪೇಗೌಡರು ಕಟ್ಟಿಸಿದ ಪೇಟೆಯು ಕಸುಬುಗಳ ಊರಾಗಿತ್ತು. ಅಲ್ಲಿಯೂ ಜಾತಿಯ ಕೇರಿಗಳಿದ್ದವು ಎಂಬುದನ್ನು ಮರೆಮಾಚಬೇಕಿಲ್ಲ. ಆದರೆ ವ್ಯಾಪಾರವು ಜನರನ್ನು ಹತ್ತಿರಕ್ಕೆ ತಂದಿತ್ತು. ಇಂದಿಗೂ ಕರಗದ ಮೆರವಣಿಗೆಯು ತವಕ್ಕಲ್ ಮಸ್ತಾನರ ದರ್ಗಾಕ್ಕೆ ಬಂದು ಮುಂದೆ ಸಾಗುವುದು ಆ ಹತ್ತಿರದ ಕುರುಹು. ಹೈದರಲಿಯವರು 1761ರಲ್ಲಿ ಮಣ್ಣಿನ ಕೋಟೆಯನ್ನು ಕಲ್ಲಿನದಾಗಿಸಿದರು. 1791ರಲ್ಲಿ ಕಾರ್ನ್‌ವಾಲೀಸನ ಸೈನ್ಯವು ಅದನ್ನು ವಶಪಡಿಸಿಕೊಂಡಿತು. 1809ರಲ್ಲಿ ಬ್ರಿಟಿಷರು ಪೇಟೆಯಿಂದ ದೂರದಲ್ಲಿ ದಂಡು ಪ್ರದೇಶವನ್ನು ಸ್ಥಾಪಿಸಿದರು. 1881ರಲ್ಲಿ ಮೈಸೂರು ರಾಜ್ಯವನ್ನು ಒಡೆಯರಿಗೆ ಮರಳಿಸಿದಾಗಲೂ ದಂಡನ್ನು ಬಿಟ್ಟುಕೊಡಲಿಲ್ಲ. ನಡುವೆ ಕಬ್ಬನ್ ಉದ್ಯಾನ. ಅತ್ತ ಒಂದು ಆಡಳಿತ, ಇತ್ತ ಇನ್ನೊಂದು. ಈ ಎರಡು ಊರುಗಳು ಒಂದೇ ಪಾಲಿಕೆಯಡಿ ಬಂದದ್ದು 1949ರಲ್ಲಿ, ಸ್ವಾತಂತ್ರ್ಯದ ಬಳಿಕ.

ಈ ಚಾಮರಾಜಪೇಟೆಯನ್ನು 1892ರಲ್ಲಿ ಯೋಜಿಸಲಾಯಿತು. 1898ರಲ್ಲಿ ಪ್ಲೇಗ್ ಬಂದಾಗ ಪೇಟೆಯ ಇಕ್ಕಟ್ಟೇ ರೋಗಕ್ಕೆ ಕಾರಣವೆಂದು ಆಡಳಿತವು ತೀರ್ಮಾನಿಸಿತು. ಬಸವನಗುಡಿ ಮತ್ತು ಮಲ್ಲೇಶ್ವರಂ ಬಡಾವಣೆಗಳು ರೂಪುಗೊಂಡವು. ಗಾಳಿ ಬೆಳಕು ಬರುವ ಮನೆ, ಅಗಲವಾದ ರಸ್ತೆ, ಮನೆಯ ಹಿಂದೆ ಪೌರಕಾರ್ಮಿಕರ ಓಣಿ. ಆರೋಗ್ಯದ ದೃಷ್ಟಿಯಿಂದ ಇದು ಮೆಚ್ಚತಕ್ಕ ಕೆಲಸ. ಆದರೆ ನಿವೇಶನಗಳನ್ನು ಜಾತಿ, ಸಮುದಾಯಗಳ ಆಧಾರದಲ್ಲಿ ವಿಂಗಡಿಸಲಾಯಿತು. ಕೊಂಡು ಕಟ್ಟಬಲ್ಲವರು ಹೊರಟರು, ದಿನಗೂಲಿಯವರು ಹಳೆಯ ಇಕ್ಕಟ್ಟಿನಲ್ಲೇ ಉಳಿದರು. ರೋಗಾಣುವಿಗೆ ಜಾತಿಯಿರಲಿಲ್ಲ, ನಕ್ಷೆಗೆ ಇತ್ತು.

ಪರಕೀಯರು ಹೋದ ಮೇಲೆ ನಕ್ಷೆ ಬದಲಾಯಿತೇ? 1945ರ ನಗರಾಭಿವೃದ್ಧಿ ಟ್ರಸ್ಟ್ ಮಂಡಳಿಯ ಕೆಲಸವನ್ನು 1976ರಲ್ಲಿ ಬೆಂಗಳೂರು ಅಭಿವೃದ್ಧಿ ಪ್ರಾಧಿಕಾರ ವಹಿಸಿಕೊಂಡಿತು. ಧರ್ಮಾಂಬುಧಿ ಕೆರೆ ಬಸ್ ನಿಲ್ದಾಣವಾಯಿತು, ಸಂಪಂಗಿ ಕೆರೆ ಕ್ರೀಡಾಂಗಣವಾಯಿತು. ನಿವೇಶನ ಹಂಚುವ ಕೈ ಬದಲಾಯಿತೇ ಹೊರತು ಬಡವನ ಗಲ್ಲಿ ಅಗಲವಾಗಲಿಲ್ಲ. ಅದರ ಮೇಲೆ ಭಯವೂ ಸೇರಿತು. 1994ರ ಅಕ್ಟೋಬರ್‌ನಲ್ಲಿ ದೂರದರ್ಶನದ ಉರ್ದು ವಾರ್ತೆಯ ನೆಪದಲ್ಲಿ ಈ ನಗರದಲ್ಲಿ ಗಲಭೆ ನಡೆಯಿತು, ಜೀವಗಳು ಹೋದವು. ಇಂತಹ ಪ್ರತಿಯೊಂದು ಗಲಭೆಯೂ ಜನರನ್ನು ತಮ್ಮ ತಮ್ಮ ಮೊಹಲ್ಲಾಗಳಿಗೆ ತಳ್ಳುತ್ತದೆ. ಬಾಡಿಗೆ ಮನೆ ಕೇಳಲು ಹೋದಾಗ ಹೆಸರು ಕೇಳಿದೊಡನೆ ಬಾಗಿಲು ಮುಚ್ಚಿದ ಅನುಭವ ಈ ಸಭೆಯಲ್ಲಿ ಎಷ್ಟು ಮಂದಿಗಿಲ್ಲ? ಮೊಹಲ್ಲಾದ ಗೋಡೆಗಳನ್ನು ನಾವು ಮಾತ್ರ ಕಟ್ಟಿದ್ದಲ್ಲ.

ಇನ್ನು ನಮ್ಮ ಈದ್ಗಾ ಮೈದಾನದ ವಿಷಯ. 1965ರ ಗೆಜೆಟ್ ಅಧಿಸೂಚನೆಯಲ್ಲಿ ವಕ್ಫ್ ಆಸ್ತಿಯೆಂದು ದಾಖಲಾದ ಈ ನೆಲವನ್ನು 2022ರ ಆಗಸ್ಟ್‌ನಲ್ಲಿ ಪಾಲಿಕೆಯು ಕಂದಾಯ ಇಲಾಖೆಯದೆಂದು ಹೇಳಿತು. ಗಣೇಶೋತ್ಸವದ ವಿವಾದ ಎದ್ದಿತು. ಆಗಸ್ಟ್ 30ರಂದು ಸುಪ್ರೀಂ ಕೋರ್ಟ್ ಯಥಾಸ್ಥಿತಿ ಕಾಯ್ದುಕೊಳ್ಳುವಂತೆ ಆದೇಶಿಸಿತು. ಅಂದು ಸಮುದಾಯವು ಸಂಯಮ ಕಳೆದುಕೊಳ್ಳದೆ ನ್ಯಾಯಾಲಯದ ಮೆಟ್ಟಿಲೇರಿದ್ದು ಶ್ಲಾಘನೀಯ.

ಆದರೆ ಒಂದು ಕಹಿ ಪ್ರಶ್ನೆಯನ್ನು ನಮಗೆ ನಾವೇ ಕೇಳಿಕೊಳ್ಳಬೇಕಾಗಿದೆ. ವರ್ಷಕ್ಕೆರಡು ಬಾರಿ ನಮಾಝ್ ನಿರ್ವಹಿಸುವ ನೆಲಕ್ಕಾಗಿ ನಾವು ಒಂದಾದೆವು. ವರ್ಷದ ಅಷ್ಟೂ ದಿನ ನಮ್ಮ ಮಕ್ಕಳು ದಾಟುವ ಚರಂಡಿಗಾಗಿ ಎಂದಾದರೂ ಒಂದಾಗಿದ್ದೇವೆಯೇ? ಪಾಲಿಕೆಯ ಚುನಾಯಿತ ಅವಧಿಯು 2020ರ ಸೆಪ್ಟೆಂಬರ್‌ನಲ್ಲಿ ಮುಗಿದು, ಮುಂದೆ ವರ್ಷಗಟ್ಟಲೆ ಅಧಿಕಾರಿಗಳೇ ನಗರವನ್ನಾಳಿದಾಗ ನಮ್ಮ ಎಷ್ಟು ಜಮಾಅತ್‌ಗಳು ಚುನಾವಣೆ ಎಲ್ಲಿ ಎಂದು ಕೇಳಿದವು? 2025ರಲ್ಲಿ ಗ್ರೇಟರ್ ಬೆಂಗಳೂರು ಪ್ರಾಧಿಕಾರದಡಿ ಐದು ಪಾಲಿಕೆಗಳಾದವು. ನಮ್ಮ ಗಲ್ಲಿ ಯಾವ ವಾರ್ಡಿಗೆ ಸೇರಿತೆಂಬುದು ನಮಗೆ ತಿಳಿದಿದೆಯೇ? ಮದುವೆಗೆ ಸಾಲ ಮಾಡುವ ನಾವು ಮನೆಯ ಖಾತಾ ಸರಿಪಡಿಸಿಕೊಳ್ಳಲು ಹಿಂಜರಿಯುತ್ತೇವೆ. ವಕ್ಫ್ ಭೂಮಿ ಹೊರಗಿನವರಿಂದ ಮಾತ್ರ ಕಬಳಿಕೆಯಾಗಿಲ್ಲ. ನಮ್ಮವರ ಕೈಯೂ ಅದರಲ್ಲಿದೆ. ಇದನ್ನು ನಾವು ಹೇಳದಿದ್ದರೆ ಬೇರೆಯವರು ದ್ವೇಷದಿಂದ ಹೇಳುತ್ತಾರೆ.

ನೆರೆಯವರಿಂದ ಕಲಿಯುವುದರಲ್ಲಿ ಅವಮಾನವಿಲ್ಲ. ಬಸವೇಶ್ವರ ವೃತ್ತದಿಂದ ಹೆಬ್ಬಾಳದವರೆಗಿನ ಉಕ್ಕಿನ ಮೇಲ್ಸೇತುವೆಯನ್ನು ವಿರೋಧಿಸಿ 2016ರಲ್ಲಿ ನಾಗರಿಕರು ಮಾನವ ಸರಪಳಿ ರಚಿಸಿದರು. ಮರುವರ್ಷ ಸರಕಾರವು ಯೋಜನೆಯನ್ನು ಕೈಬಿಟ್ಟಿತು. 2023ರಲ್ಲಿ ಮಲ್ಲೇಶ್ವರಂ ಭಾಗದ ನಿವಾಸಿಗಳು ಸ್ಯಾಂಕಿ ಕೆರೆ ರಸ್ತೆಯ ಮೇಲ್ಸೇತುವೆಯ ವಿರುದ್ಧ ಬೀದಿಗಿಳಿದರು. ವಿದ್ಯೆ, ಬಿಡುವು, ಪರಿಚಯಗಳು ಅವರಿಗೆ ಹೆಚ್ಚಿವೆ, ನಿಜ. ಆದರೆ ಪ್ರತಿ ಶುಕ್ರವಾರ ತಪ್ಪದೆ ಸೇರುವ ಸಭೆ ನಮಗಿದೆ! ಜುಮಾದ ಬಳಿಕ ಮಸೀದಿಯ ಅಂಗಳದಲ್ಲಿ ಒಂದು ಮೇಜು ಹಾಕಿ, ಮತದಾರರ ಪಟ್ಟಿ, ಖಾತಾ, ಮಾಹಿತಿ ಹಕ್ಕಿನ ಅರ್ಜಿಗಳನ್ನು ಬರೆದುಕೊಡಲು ಇಬ್ಬರು ಪದವೀಧರರು ಸಾಕು. ವಾರ್ಡ್ ಸಮಿತಿಗೆ ನಮ್ಮ ಹೆಣ್ಣುಮಕ್ಕಳು ಹೋಗಲಿ. ನೀರು ಬಾರದ ದಿನದ ಲೆಕ್ಕ ಅವರಿಗಷ್ಟೇ ಸರಿಯಾಗಿ ಗೊತ್ತು. ಅದೇ ಗಲ್ಲಿಯ ಹಿಂದೂ, ಕ್ರೈಸ್ತ ನೆರೆಯವರೂ ಅರ್ಜಿಗೆ ಸಹಿ ಹಾಕಲಿ. ಚರಂಡಿ ಎಲ್ಲರ ಮನೆಯ ಮುಂದೆಯೂ ಹರಿಯುತ್ತದೆ.

ಮದೀನಾಕ್ಕೆ ಹಿಜ್ರತ್ ಮಾಡಿದ ಪ್ರವಾದಿವರ್ಯರು(ಸ) ಮಸೀದಿಯನ್ನು ನಿರ್ಮಿಸಿದರು, ಮಾರುಕಟ್ಟೆಗೂ ಸ್ಥಳ ಗೊತ್ತುಪಡಿಸಿದರು. ಬರಿಗೈಯಲ್ಲಿ ಬಂದ ಮುಹಾಜಿರರನ್ನು ಅನ್ಸಾರರ ಸಹೋದರರನ್ನಾಗಿಸಿದರು. ದಾರಿಯಿಂದ ತೊಂದರೆಯ ವಸ್ತುವನ್ನು ಸರಿಸುವುದೂ ಈಮಾನಿನ ಒಂದು ಶಾಖೆಯೆಂದು ಕಲಿಸಿದರು. ಹಾಗಿರುವಾಗ ಬೀದಿಯ ಕೆಲಸವು ದೀನಿನ ಹೊರಗಿನದಾಗುವುದು ಹೇಗೆ? ಈ ನಗರದ ನಕ್ಷೆಯನ್ನು ಇದುವರೆಗೆ ಬೇರೆಯವರು ಬರೆದರು. ಮುಂದಿನದನ್ನು ಎಲ್ಲರೊಂದಿಗೆ ಕುಳಿತು ಬರೆಯುವ ಸಾಮರ್ಥ್ಯವನ್ನು ಅಲ್ಲಾಹನು ನಮಗೆ ದಯಪಾಲಿಸಲಿ, ಆಮೀನ್.