ಮಕ್ಕಳ ಪುಸ್ತಕಕ್ಕೆ ನಾಲ್ಕು ಸಾಲು

ಮಗುವಿಗೆ ಯಾವ ಪುಸ್ತಕ ಕೊಡಿಸಲಿ ಎಂದು ಮಲಪನಗುಡಿಯಂಥ ಹಳ್ಳಿಯ ತಾಯಿಯೊಬ್ಬರು ಕೇಳಿದರೆ ಹೇಳುವವರು ಯಾರು? ಪತ್ರಿಕೆಗಳಲ್ಲಿ ಮಕ್ಕಳ ಪುಸ್ತಕದ ವಿಮರ್ಶೆ ಅಪರೂಪ. ಪಂಜೆ ಮಂಗೇಶರಾಯರು, ಜಿ.ಪಿ. ರಾಜರತ್ನಂ ಮಕ್ಕಳಿಗಾಗಿ ಬರೆದ ಭಾಷೆ ನಮ್ಮದು. ಶಿವರಾಮ ಕಾರಂತರು 1936ರಲ್ಲೇ ಮೂರು ಸಂಪುಟಗಳ ಮಕ್ಕಳ ವಿಶ್ವಕೋಶ ‘ಬಾಲ ಪ್ರಪಂಚ’ ತಂದರು. ಈ ಸಿರಿಯ ಸುದ್ದಿ ಹಳ್ಳಿಯ ಮನೆಗೂ ಮುಟ್ಟಬೇಡವೇ?

ಅದಕ್ಕೊಂದು ದಾರಿಯಿದೆ. 2003ರಲ್ಲಿ ಶುರುವಾದ ಕನ್ನಡ ವಿಕಿಪೀಡಿಯದಲ್ಲಿ ಯಾರು ಬೇಕಾದರೂ ಬರೆಯಬಹುದು, ತಿದ್ದಬಹುದು. ಸ್ವಂತ ಅಭಿಪ್ರಾಯಕ್ಕೆ ಅಲ್ಲಿ ಜಾಗವಿಲ್ಲ, ನಿಜ. ಆದರೆ ಲೇಖಕರು, ಪ್ರಕಾಶಕರು, ವರ್ಷ, ಕಥೆಯ ಸಾರ, ಅಚ್ಚಾದ ವಿಮರ್ಶೆಗಳ ಆಧಾರ, ಇಷ್ಟು ಸೇರಿಸಬಹುದು. ಮೇಷ್ಟ್ರೇ, ಗ್ರಂಥಪಾಲಕರೇ, ಮಕ್ಕಳು ಮತ್ತೆ ಮತ್ತೆ ಕೇಳುವ ಪುಸ್ತಕ ಯಾವುದೆಂದು ನಿಮಗಿಂತ ಚೆನ್ನಾಗಿ ಬಲ್ಲವರಿಲ್ಲ. ಈ ವಾರ ಅಂಥ ಒಂದು ಪುಸ್ತಕದ ಬಗ್ಗೆ ದಯವಿಟ್ಟು ವಿಕಿಪೀಡಿಯದಲ್ಲಿ ಬರೆಯಿರಿ.